ಒರಗಬಾರದ ದಿಂಬುಗಳು

ಮನೆಗೆ ಬಂದವರು ಸೋಫಾದ ಮೇಲೆ ಇನ್ನೇನು ಕೂರಬೇಕು ಅನ್ನುವಾಗ ಒಳಗಿನಿಂದ ಮನೆಯೊಡತಿ ಓಡಿಬಂದು, ಅಲ್ಲಿದ್ದ ದಿಂಬನ್ನು ಎತ್ತಿ ಎದೆಗವಚಿಕೊಂಡು, ‘ಹಾಂ, ಈಗ ಕೂತ್ಕೊಳ್ಳಿ’ ಎಂದರೆ, ಅದು ಎಂಥವರ ಮನೆ ಎಂದು ತಿಳಿದುಕೊಂಡುಬಿಡಬೇಕು. ಇವರು ಹಳೆಯ ಸೀರೆಯನ್ನು ದಿಂಬು ಮಾಡುವವರು. ಈಚೆಗೆ ಬಡಾವಣೆಗೆ ಒಬ್ಬರಾದರೂ ಸಿಗುತ್ತಾರೆ. ಲೋಕದಲ್ಲಿರುವ ಬಟ್ಟೆಯೆಲ್ಲ ಇವರ ಕಣ್ಣಿಗೆ 16 ಇಂಚಿನ ಚೌಕಗಳಾಗಿಯೇ ಕಾಣಿಸುತ್ತದೆ. ಮದುವೆಮನೆಯಲ್ಲಿ ನಿಮ್ಮ ಹೆಂಡತಿಯ ಸೆರಗು ಹಿಡಿದು ‘ಎಷ್ಟು ವರ್ಷದ್ದು?’ ಎಂದು ಕೇಳುವವರು ಇವರೇ. ಮೆಚ್ಚಿಕೊಂಡರು ಎಂದು ಹಿಗ್ಗಬೇಡಿ. ಬೆರಳಲ್ಲೇ ಗೇಣು ಹಾಕುತ್ತಿರುತ್ತಾರೆ.

ಸಾವಿನ ಮನೆಗೂ ತಪ್ಪದೆ ಹೋಗುತ್ತಾರೆ. ವೈಕುಂಠ ಸಮಾರಾಧನೆಯ ಊಟ ಮುಗಿಸಿ, ಹೋದವರ ಗುಣಗಾನ ಮಾಡಿ, ನಿಜವಾಗಿಯೇ ಕಣ್ಣೊರೆಸಿಕೊಂಡು, ಹೊಸಿಲು ದಾಟುವಾಗ ಸಣ್ಣ ದನಿಯಲ್ಲಿ, ‘ಅಜ್ಜಿಯ ಸೀರೆಗಳನ್ನ ಏನು ಮಾಡಬೇಕೂಂತಿದ್ದೀರಿ?’ ಎನ್ನುತ್ತಾರೆ. ದುಃಖದಲ್ಲಿರುವವರು ಇದಕ್ಕೆ ಉತ್ತರ ಯೋಚಿಸಿಟ್ಟುಕೊಂಡಿರುವುದಿಲ್ಲ. ಆಟೋ ಗೇಟಿನ ಬಳಿ ನಿಂತಿರುತ್ತದೆ, ಗಂಟು ಹೊರಟುಬಿಡುತ್ತದೆ.

ಇಷ್ಟೆಲ್ಲ ಸಾಮಾನ್ಯವಾಗಿ ಹೇಳುತ್ತಿದ್ದರೂ ನನ್ನ ಕಣ್ಣ ಮುಂದಿರುವುದು ನನ್ನ ಅತ್ತಿಗೆಯೇ ಎಂಬುದನ್ನು ಬಚ್ಚಿಟ್ಟು ಪ್ರಯೋಜನವಿಲ್ಲ. ಅತ್ತಿಗೆ ಧಾರವಾಡದವರು. ಮೈಸೂರಿಗೆ ಸೊಸೆಯಾಗಿ ಬಂದು ತಲೆ ಹಣ್ಣಾದರೂ ಅವರ ಮಾತು ತುಂಗಭದ್ರೆಯನ್ನು ದಾಟಿಲ್ಲ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಬೀದಿಯಲ್ಲಿ ಕೂಗಿದರೆ ಉಳಿದ ಮನೆಗಳವರು ಬಟ್ಟೆ ಹುಡುಕುತ್ತಾರೆ, ಅತ್ತಿಗೆ ಪಾತ್ರೆ ಹುಡುಕುತ್ತಾರೆ. ಗೇಟಿನಲ್ಲೇ ಅವಳ ಗಂಟು ಬಿಚ್ಚಿಸಿ, ಅದರೊಳಗಿನ ಸೀರೆಗಳನ್ನು ಆರಿಸಿಕೊಂಡು, ಬದಲಿಗೆ ತಮ್ಮ ಅಡುಗೆಮನೆಯ ಡಬರಿ, ತಟ್ಟೆಗಳನ್ನು ಕೊಟ್ಟು ಕಳಿಸುತ್ತಾರೆ. ತನ್ನ ಇಡೀ ವೃತ್ತಿಜೀವನದಲ್ಲಿ ಆ ಹೆಂಗಸು ಕಂಡ ಒಂದೇ ತಿರುಗುಮುರುಗು ವ್ಯಾಪಾರ ಇದಿರಬೇಕು. ಅಣ್ಣನ ಮನೆಯಲ್ಲಿ ಹಾಲು ಕಾಯಿಸಲು ಈಗ ನೆಟ್ಟಗಿನ ಪಾತ್ರೆಯಿಲ್ಲ, ಆದರೆ ದಿವಾನದ ಮೇಲೆ ದಿಂಬುಗಳು ಗೋಡೆಯ ಅರ್ಧದವರೆಗೆ ಬಂದಿವೆ. ಅಣ್ಣ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಪೇಪರ್ ಓದುತ್ತಾನೆ. ಸ್ವಂತ ಮನೆಯಲ್ಲಿ ಅವನು ನಿರಾತಂಕವಾಗಿ ಬೆನ್ನು ಕೊಡಬಹುದಾದ ವಸ್ತು ಅದೊಂದೇ.

ಲೆಕ್ಕದಲ್ಲಿ ಅತ್ತಿಗೆ ಗಟ್ಟಿ. ಐದೂವರೆ ಮೀಟರ್ ಸೀರೆ ಎಂದರೆ 216 ಇಂಚು ಉದ್ದ; ಪನ್ನ 45 ಇಂಚು. ಹೊಲಿಗೆಗೆ ಬಿಟ್ಟು ಹದಿನೇಳೂವರೆ ಇಂಚಿನಂತೆ ಕತ್ತರಿಸಿದರೆ 24 ಚೌಕ. ಹಿಂದೊಂದು ಮುಂದೊಂದು, 12 ದಿಂಬು. ಉಳಿದ ಪಟ್ಟಿ ಅಂಚಿನ ಪೈಪಿಂಗಿಗೆ. ಇದು ಸುಮ್ಮನೆ ಲೆಕ್ಕ ಅಂದುಕೊಂಡರೆ ಕೆಟ್ಟಿರಿ. ಒಂದೊಂದು ಸೀರೆಗೂ ಒಂದೊಂದು ಸ್ವಭಾವ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಜೋಡಿಸಿರುತ್ತಾರೆ. ಆ ಜೋಡಣೆಯ ಮೇಲೆ ಕತ್ತರಿ ಆಡಿಸುವುದು ಅತ್ತಿಗೆಯ ಧರ್ಮಶಾಸ್ತ್ರದಲ್ಲಿ ಮಹಾಪಾತಕ. ಕೆಂಪು ಬಿಳಿಯ ತೋಪು ತೆನೆ ಸೆರಗು ಇಡಿಯಾಗಿಯೇ ಒಂದು ಉದ್ದದ ದಿಂಬಾಗಬೇಕು. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ನಮ್ಮೂರಿನ ರೇಷ್ಮೆ ಕಾರ್ಖಾನೆಯ ಕ್ರೇಪ್ ಸೀರೆಯದು ಇನ್ನೊಂದು ತಕರಾರು: ನೂಲನ್ನು ಹುರಿಮಾಡಿ ನೇಯ್ದದ್ದರಿಂದ ಕತ್ತರಿಗೆ ಸಿಕ್ಕದೆ ಜಾರುತ್ತದೆ, ಸೂಜಿಯ ಕೆಳಗೆ ಹಿಗ್ಗುತ್ತದೆ, ಚೌಕವೆಂದು ಕತ್ತರಿಸಿದ್ದು ಎದ್ದು ನೋಡಿದರೆ ಪತಂಗವಾಗಿರುತ್ತದೆ. ‘ನಿಮ್ಮ ಮೈಸೂರಿನವರಂಗ ಐತ್ರೀ ಈ ಸೀರಿ. ಮುಟ್ಟಾಕ ಮೆತ್ತಗ, ಹಿಡಿಯಾಕ ಹ್ವಾದ್ರ ಕೈಗೆ ಸಿಗಂಗಿಲ್ಲ’ ಎಂದು ಅಣ್ಣನ ಕಡೆ ನೋಡಿ ಹೇಳುತ್ತಾರೆ. ಅಣ್ಣ ಪೇಪರನ್ನು ಇನ್ನೊಂದಿಷ್ಟು ಮೇಲೆತ್ತಿ ಹಿಡಿಯುತ್ತಾನೆ.

ಇವರ ಬಟ್ಟೆ ಹೊಲಿಯುವ ಟೈಲರ್ ಒಬ್ಬ ಇದ್ದಾನೆ, ಪುಣ್ಯಾತ್ಮ. ‘ಅಮ್ಮಾ, ಸೂಜಿ ಮುಟ್ಟಿದರೆ ಹರೀತದೆ’ ಎಂದು ಅವನು ಕೈಮುಗಿದರೆ, ಹಿಂದೆ ಮಲ್ ಬಟ್ಟೆಯ ಲೈನಿಂಗ್ ಕೊಡು, ಸಣ್ಣ ಸೂಜಿ ಹಾಕು, ಹೊಲಿಗೆ ದೊಡ್ಡದಿಡು ಎಂದು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ಹಬ್ಬದ ಮುಂಚಿನ ವಾರದಲ್ಲಿ, ಬ್ಲೌಸಿಗೆ ಬಂದ ಹೆಂಗಸರ ಸಾಲಿನೆದುರು, ಅಜ್ಜಿಯೊಬ್ಬರ ಸೀರೆಯ ನಾಲ್ಕು ಮೂಲೆ ಸಮ ಮಾಡುವುದೆಂದರೆ ಅವನಿಗೆ ಎಂಥ ಸಂಕಟವೋ! ಒಳಗೆ ತುಂಬಲು ಫೈಬರ್ ಕೂಡದು, ಬೂರುಗದ ಹತ್ತಿಯೇ ಆಗಬೇಕು. ಅದನ್ನು ತುಂಬಿದ ದಿನ ಮನೆಮಂದಿಯೆಲ್ಲ ಸೀನುತ್ತ ಓಡಾಡುತ್ತಾರೆ.

ಬಂದವರನ್ನು ಬರೀ ದಿಂಬು ನೋಡಿ ಸುಮ್ಮನಿರಲು ಬಿಟ್ಟರೂ ಆಗುತ್ತಿತ್ತು. ಅತ್ತಿಗೆಯ ತವರಿನಿಂದ ಬಂದ ಒಂದು ಕಪ್ಪು ಚಂದ್ರಕಾಳಿ ಸೀರೆ ಇತ್ತು, ಕಸೂತಿಯದು. ಗೋಪುರ, ರಥ, ತುಳಸಿ ಕಟ್ಟೆ, ಎಲ್ಲ ಎಳೆ ಎಣಿಸಿ ಹಾಕಿದ್ದು. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಗಾವಂತಿ ಮತ್ತು ಮುರಗಿ ಹೊಲಿಗೆ ಬಟ್ಟೆಯ ಎರಡೂ ಮಗ್ಗುಲಿಗೆ ಒಂದೇ ಥರ ಕಾಣಬೇಕು. ದಿಂಬಾದ ಮೇಲೆ ಒಂದು ಮಗ್ಗುಲು ಹತ್ತಿಯ ಕಡೆಗೆ ಹೋಯಿತಲ್ಲ, ಆ ಸಂಕಟ ಅತ್ತಿಗೆಗೆ. ಆದ್ದರಿಂದ ಮನೆಗೆ ಬಂದ ಪ್ರತಿಯೊಬ್ಬರೂ ಕಾಫಿಗೆ ಮುಂಚೆ ಆ ದಿಂಬಿನ ಝಿಪ್ ಎಳೆದು, ಒಳಗೆ ಮೂಗು ಹಾಕಿ ನೋಡಬೇಕು. ‘ಎದುರು ಹೆಂಗ, ಹಿಂದೂ ಹಂಗ. ಎಲ್ಲ್ಯರ ಗಂಟು ಕಾಣಸ್ತದೇನು ಹೇಳ್ರಿ?’ ವಿಮೆ ಕಂತಿನ ವಿಷಯಕ್ಕೆ ಬಂದ ಏಜೆಂಟರೊಬ್ಬರು ಗಾಬರಿಯಾಗಿ ‘ಇಲ್ಲಮ್ಮ, ಏನೂ ಇಲ್ಲ’ ಎಂದು ಪ್ರಮಾಣ ಮಾಡಿದ್ದನ್ನು ನಾನೇ ಕಂಡಿದ್ದೇನೆ.

ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹಳೇ ಬಟ್ಟೆಯ ತೇಪೆ ಸೇರಿಸಿ ಹೊಲಿಯುವ ಕವಂದಿಗೆ ನಾಲ್ಕು ಮೂಲೆಯಲ್ಲೂ ಬಟ್ಟೆ ಮಡಿಸಿದ ಮುಕ್ಕೋನದ ಹೂ ಇಡುತ್ತಾರೆ. ಹೂವಿಲ್ಲದ ಕವಂದಿ ಬತ್ತಲೆ ಎಂಬುದು ಅವರ ಭಾವನೆ. ಅದನ್ನು ಕಂಡುಬಂದ ಮೇಲೆ ಅತ್ತಿಗೆಯ ದಿಂಬುಗಳಿಗೂ ಮೂಲೆಗಳಲ್ಲಿ ಹೂ ಮೂಡಿದವು. ಸಿದ್ದಿಗಳ ಹೂ ಮೆತ್ತನೆಯ ಹತ್ತಿಯದು. ಅತ್ತಿಗೆಯದು ಜರಿ ಅಂಚಿನದು. ಅದು ಚುಚ್ಚುತ್ತದೆ.

ಈ ಚುಚ್ಚುವ ವಿಷಯಕ್ಕೆ ಬಂದರೆ ನನಗೆ ಸಮಾಧಾನವಾಗಿ ಬರೆಯಲು ಆಗುವುದಿಲ್ಲ.

ಯುಗಾದಿಯ ಮಧ್ಯಾಹ್ನ. ಅಣ್ಣನ ಮನೆಯಲ್ಲಿ ಹೋಳಿಗೆ ಊಟ. ತುಪ್ಪ ಕೇಳಿ ಕೇಳಿ ಬಡಿಸಿದ್ದರು. ಬೆಳಗ್ಗೆ ಅಭ್ಯಂಜನವಾದ ತಲೆ. ಎಣ್ಣೆ ಪೂರ್ತಿ ಹೋಗಿರಲಿಲ್ಲ. ಹೆಂಗಸರು ಒಳಗೆ ಊಟಕ್ಕೆ ಕೂತಿದ್ದ ಸಮಯ ನೋಡಿ ದಿವಾನದ ಮೇಲೆ ಅಡ್ಡಾದೆ. ತಲೆಗೆ ಕೈಗೆ ಸಿಕ್ಕಿದ ದಿಂಬು. ಅದು ಅಮ್ಮನ ಧಾರೆ ಸೀರೆ, ಧರ್ಮಾವರದ್ದು, ಸೆರಗಿನ ತುಂಬ ಒತ್ತೊತ್ತಾಗಿ ಮಾವಿನಕಾಯಿ. ಹಳೆಯ ಜರಿ ಎಂದರೆ ರೇಷ್ಮೆ ಎಳೆಗೆ ಬೆಳ್ಳಿ ತಂತಿ ಸುತ್ತಿ ಚಿನ್ನದ ನೀರು ಕೊಟ್ಟದ್ದು. ಲೋಹ ಲೋಹವೇ. ಹೋಳಿಗೆಯ ಭಾರಕ್ಕೆ ನಾನು ಮಗ್ಗುಲು ಬದಲಿಸದೆ ಮಲಗಿಬಿಟ್ಟೆ.

ಎಬ್ಬಿಸಿದ್ದು ಅತ್ತಿಗೆಯ ದನಿ. ‘ಅಯ್ಯ, ಏಳ್ರೀ, ಏಳ್ರೀ! ಅತ್ತ್ಯಾರ ಧಾರಿ ಸೀರಿ ಅದು!’ ಧಡಕ್ಕನೆ ಎದ್ದು ಕೂತೆ. ನನ್ನ ಮುಖ ನೋಡಿ ಅವರು ಬೆಚ್ಚಿದ್ದು ಕಂಡಿತು. ಎಡಗೆನ್ನೆಯ ಮೇಲೆ ಕಿವಿಯಿಂದ ತುಟಿಯ ತನಕ ಒಂದು ಪೂರ್ತಿ ಮಾವಿನಕಾಯಿ, ಬಳ್ಳಿ ಸಮೇತ, ಅಚ್ಚೊತ್ತಿತ್ತು. ಅತ್ತಿಗೆ ಕನ್ನಡಕ ಏರಿಸಿಕೊಂಡು ಹತ್ತಿರ ಬಂದು, ಕೆನ್ನೆಯನ್ನಲ್ಲ, ದಿಂಬನ್ನು ಬೆಳಕಿಗೆ ಹಿಡಿದು ನೋಡಿದರು. ‘ಸದ್ಯ, ಜರೀಗೆ ಏನೂ ಆಗಿಲ್ಲ.’ ಆಮೇಲೆ ಎಣ್ಣೆಯ ಕಲೆ ಕಣ್ಣಿಗೆ ಬಿತ್ತು. ಮುಂದೆ ಅರ್ಧ ಗಂಟೆ ಮನೆಯಲ್ಲಿ ತುರ್ತುಪರಿಸ್ಥಿತಿ. ಕಲೆಯ ಮೇಲೆ ಪೌಡರ್ ಸುರಿದದ್ದೇನು, ಅಂಟುವಾಳದ ಕಾಯಿ ನೆನೆಹಾಕಿದ್ದೇನು! ಕೆನ್ನೆಗೆ ಯಾರೂ ಏನೂ ಹಚ್ಚಲಿಲ್ಲ.

ಅಂದು ಸಂಜೆ ಪರಿಚಯದವರ ಮನೆಯ ನಿಶ್ಚಿತಾರ್ಥಕ್ಕೆ ಹೋಗಲೇಬೇಕಿತ್ತು. ಅಚ್ಚು ಇಳಿಯಲಿ ಎಂದು ದಾರಿಯುದ್ದಕ್ಕೂ ಕೆನ್ನೆ ತಿಕ್ಕಿಕೊಂಡೆ, ಇನ್ನಷ್ಟು ಕೆಂಪಾಯಿತು. ಬಾಗಿಲಲ್ಲಿ ಪನ್ನೀರು ಎರಚುವ ಹುಡುಗಿ ನೋಡಿ ಕೈ ಹಿಂದೆಗೆದಳು. ನಿವೃತ್ತ ಡಾಕ್ಟರೊಬ್ಬರು ಪಕ್ಕಕ್ಕೆ ಕರೆದು, ‘ಸುಮ್ಮನೆ ಬಿಡಬೇಡಿ, ಇದು ಹರಡುವ ಜಾತಿ’ ಎಂದರು. ಕೊನೆಗೆ ಹುಡುಗನ ಕಡೆಯ ಮುದುಕಿಯೊಬ್ಬರು ನನ್ನ ಗಲ್ಲ ಹಿಡಿದು ದೀಪದ ಕಡೆ ತಿರುಗಿಸಿ, ಸ್ವಲ್ಪ ಹೊತ್ತು ನೋಡಿ, ‘ಧರ್ಮಾವರಂ ಅಲ್ಲವೇನಪ್ಪ? ಈಗ ಇಂಥಾ ಕೆಲಸ ಎಲ್ಲಿ ಬರುತ್ತೆ’ ಎಂದು ನಿಟ್ಟುಸಿರಿಟ್ಟರು. ಸುತ್ತ ಇದ್ದ ನಾಲ್ಕು ಹೆಂಗಸರೂ ಬಗ್ಗಿ ನೋಡಿ ಹೌದು ಹೌದು ಎಂದರು. ಹುಡುಗಿಗೆ ಉಡಿಸಿದ್ದ ಹೊಸ ಸೀರೆಗೂ ಅಂದು ಅಷ್ಟು ಮರ್ಯಾದೆ ಸಿಕ್ಕಲಿಲ್ಲ.

ಒಮ್ಮೆ ಸಿಟ್ಟಿನಲ್ಲೇ ಕೇಳಿದೆ: ‘ಒರಗೋದಕ್ಕಿಲ್ಲ ಅಂದಮೇಲೆ ದಿಂಬು ಯಾಕೆ ಅತ್ತಿಗೆ? ನಿಮ್ಮ ಕಡೆ ಕೌದಿ ಇಲ್ಲವಾ? ಅದೂ ಹಳೇ ಸೀರೆ, ಹಳೇ ಧೋತರದ್ದೇ. ಅದರ ಮೇಲೆ ಮಲಗ್ತಾರೆ, ಹೊದೀತಾರೆ, ಮಕ್ಕಳು ಉಚ್ಚೆ ಹೊಯ್ದರೆ ಬಿಸಿಲಿಗೆ ಹಾಕ್ತಾರೆ. ಯಾರೂ ಏಳ್ರೀ ಅನ್ನಲ್ಲ.’ ವಾದ ಗೆದ್ದೆ ಅಂದುಕೊಂಡಿದ್ದೆ. ಅತ್ತಿಗೆ ಸೂಜಿಗೆ ದಾರ ಪೋಣಿಸುತ್ತಲೇ, ‘ಖರೆ. ಕೌದ್ಯಾಗ ಯಾರ ಸೀರಿ ಅಂತ ಹೇಳೂ ಕೆಲಸಿರಲಿಲ್ಲ. ಮನ್ಯಾಗ ಎಲ್ಲಾರಿಗೂ ಗೊತ್ತಿರ್ತಿತ್ತು’ ಎಂದರು.

ಆ ಮಾತು ಜರಿಗಿಂತ ಚೆನ್ನಾಗಿ ಚುಚ್ಚಿತು. ಅಮ್ಮ ತೀರಿಕೊಂಡ ಮೇಲೆ ನಾವು ಗಂಡುಮಕ್ಕಳು ಸೈಟು ಹಂಚಿಕೊಂಡೆವು, ಚಿನ್ನವನ್ನು ತೂಕ ಹಾಕಿಸಿದೆವು, ಬ್ಯಾಂಕಿನ ಕಾಗದಗಳಿಗೆ ಸಹಿ ಮಾಡಿದೆವು. ಬೀರುವಿನ ಸೀರೆ ನಮ್ಮ ಯಾರ ಪಟ್ಟಿಯಲ್ಲೂ ಇರಲಿಲ್ಲ. ತೆಗೆದು ನೋಡಿದವರು ಅತ್ತಿಗೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ, ಬಿಡಿಸಿದರೆ ಮಡಿಕೆಯ ಗುಂಟ ಹಪ್ಪಳದಂತೆ ಮುರಿಯಿತು. ಜರಿಯ ಬೆಳ್ಳಿ ಕಪ್ಪಿಟ್ಟಿತ್ತು. ನುಸಿಗುಳಿಗೆಯ ವಾಸನೆ ಬೇರೆ. ಉಡುವ ಹಾಗಿಲ್ಲ, ಕೊಡುವ ಹಾಗಿಲ್ಲ. ಹಳೇ ಜರಿ ಕೊಳ್ಳುವವನಿಗೆ ಹಾಕಿದ್ದರೆ ಸುಟ್ಟು ಬೆಳ್ಳಿ ತೆಗೆಯುತ್ತಿದ್ದ, ಅಷ್ಟೆ. ಮುರಿದ ಮಡಿಕೆಗಳನ್ನು ಬಿಟ್ಟು ನಡುವಿನ ಗಟ್ಟಿ ಭಾಗ ಅಳೆದರೆ ಸಿಕ್ಕಿದ್ದು ಚೌಕಗಳೇ. ದಿಂಬು ಅತ್ತಿಗೆಗೆ ಹತ್ತಿದ ಶೋಕಿ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆನಲ್ಲ, ಆ ಸೀರೆಗಳಿಗೆ ಉಳಿದಿದ್ದ ದಾರಿಯೇ ಅದೊಂದು.

ಯಾವ ಸೀರೆ ಯಾವತ್ತಿನದು ಎಂಬುದೂ ಗೊತ್ತಿದ್ದುದು ಅತ್ತಿಗೆಗೊಬ್ಬರಿಗೇ. ಮಧ್ಯಾಹ್ನ ಕಾಳು ಆರಿಸುತ್ತ ಅಮ್ಮ ಹೇಳಿಕೊಳ್ಳುತ್ತಿದ್ದುದು ಸೊಸೆಯ ಬಳಿ. ನೀಲಿ ಮೈಸೂರು ಸಿಲ್ಕ್ ಅಣ್ಣ ಹುಟ್ಟಿದ ವರ್ಷ ಕಂತಿನಲ್ಲಿ ತಂದದ್ದು. ಇಳಕಲ್ ಸೀರೆ, ಈ ಧಾರವಾಡದ ಹುಡುಗಿಗೆ ತನ್ನ ಮನೆ ಬೇರೆ ಅನ್ನಿಸದಿರಲಿ ಎಂದು ಅಮ್ಮ ತಾನೇ ಕೊಂಡು ಉಟ್ಟದ್ದು. ಗಿಳಿಹಸಿರು ಸೀರೆಯನ್ನು ಒಂದೇ ಸಲ ಉಟ್ಟಿದ್ದಳಂತೆ. ಯಾರೋ ಈ ಬಣ್ಣ ನಿನಗೆ ಒಪ್ಪುವುದಿಲ್ಲ ಎಂದದ್ದಕ್ಕೆ ಮಡಿಸಿಟ್ಟುಬಿಟ್ಟಳಂತೆ. ಯಾರು ಅತ್ತಿಗೆ ಎಂದರೆ, ‘ಮಾವನೋರು, ಮತ್ಯಾರು?’ ಆ ಗಿಳಿಹಸಿರು ಈಗ ಅಪ್ಪನ ಫೋಟೋದ ಎದುರಿಗಿರುವ ಕುರ್ಚಿಯ ಮೇಲಿದೆ. ಅತ್ತಿಗೆ ಬೇಕೆಂದೇ ಅಲ್ಲಿಟ್ಟಿದ್ದಾರೆ ಎಂದು ನನ್ನ ಗುಮಾನಿ. ಮನೆತನದ ಚರಿತ್ರೆಯನ್ನು ಹೊರಗಿನಿಂದ ಬಂದ ಹೆಣ್ಣುಮಗಳು ಕಾಯುತ್ತಾಳೆ, ಒಳಗೆ ಹುಟ್ಟಿದ ಗಂಡುಮಕ್ಕಳು ಅದರ ಮೇಲೆ ಎಣ್ಣೆತಲೆ ಇಟ್ಟು ಗೊರಕೆ ಹೊಡೆಯುತ್ತೇವೆ. ವಸ್ತುಗಳನ್ನು ಇಟ್ಟುಕೊಳ್ಳುವುದು ಸುಲಭ. ಅವುಗಳ ಜೊತೆಗಿದ್ದ ಮಾತನ್ನು ಇಟ್ಟುಕೊಳ್ಳಲು ಯಾರಾದರೂ ಕಾಳು ಆರಿಸುತ್ತ ಕೂತು ಕೇಳಿಸಿಕೊಂಡಿರಬೇಕು.

ಬರೆಯುತ್ತ ಬರೆಯುತ್ತ ಹರಿಕಥೆಗೆ ಇಳಿದೆನೆಂದು ಕಾಣುತ್ತದೆ. ಈ ಗದ್ಗದ ಸ್ಥಿತಿಯಲ್ಲೇ ಒಂದು ದಿನ ಅತ್ತಿಗೆಯನ್ನು ಕೇಳಿಬಿಟ್ಟೆ: ‘ನಾನು ಹೋದಮೇಲೆ ನನ್ನ ಬಟ್ಟೆಯಲ್ಲೂ ಒಂದು ದಿಂಬು ಮಾಡ್ತೀರಾ?’ ಅತ್ತಿಗೆ ನನ್ನ ಅಂಗಿಯ ಕಾಲರನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು. ‘ಟೆರಿಕಾಟ್ ಐತಲ್ರೀ. ಇದರಾಗ ದಿಂಬಾಗಂಗಿಲ್ಲ. ನೆಲಾ ಒರಸಾಕೂ ಬರಂಗಿಲ್ಲ, ನೀರು ಹೀರಂಗಿಲ್ಲ.’

ಜೀವಮಾನವಿಡೀ ಇಸ್ತ್ರಿ ಬೇಡದ ಅಂಗಿ ಹಾಕಿಕೊಂಡವನಿಗೆ ಇದಕ್ಕಿಂತ ಕಟುವಾದ ವಿಮರ್ಶೆ ಬೇರೆಯಿಲ್ಲ. ಹಟಕ್ಕೆ ಬಿದ್ದು ಒಂದು ಖಾದಿ ಜುಬ್ಬ ಹೊಲಿಸಿಕೊಂಡು, ಹಾಕಿಕೊಂಡು ಹೋಗಿ ಅವರೆದುರು ನಿಂತೆ. ಅತ್ತಿಗೆಯ ಮುಖ ಅರಳಿತು. ನನ್ನನ್ನು ತಿರುಗಿಸಿ ನಿಲ್ಲಿಸಿ, ಬೆನ್ನಿನ ಮೇಲೆ ಟೇಪಿಟ್ಟು ಅಳೆದರು.

‘ಬೆನ್ನಾಗ ಒಂದು, ಎದ್ಯಾಗ ಒಂದು, ಸರಿಯಾಗಿ ಬರ್ತಾವ. ಅವಸರಿಲ್ಲ ಬಿಡ್ರಿ, ಇನ್ನೂ ಗಂಜಿ ಐತಿ. ನೀವು ಹಾಕ್ಕೊಂಡು ಹಾಕ್ಕೊಂಡು ಮೆತ್ತಗ ಮಾಡ್ರಿ.’