719 ಅಂಕ ಕೊಟ್ಟ ಮಹನೀಯರಿಗೆ

ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಅಂದರೆ ಎನ್‌ಟಿಎಯ ಹಿರಿಯರೆಲ್ಲರಿಗೆ ಸಾಷ್ಟಾಂಗ ನಮಸ್ಕಾರಗಳು.

ವೈದ್ಯಕೀಯ ಸೀಟಿಗಾಗಿ ನೀಟ್ ಬರೆಯಲು ಬಂದ ಮಕ್ಕಳ ಬೂಟು, ಕೈಗಡಿಯಾರ, ಕಿವಿಯೋಲೆ ಬಿಚ್ಚಿಸಿ ಒಳಗೆ ಬಿಡುವ ನಿಮ್ಮ ಶ್ರದ್ಧೆ ದೊಡ್ಡದು. ಒಂದು ಮೂಗುತಿಯೂ ಒಳಗೆ ನುಸುಳಬಾರದು! 2024ರಲ್ಲಿ ಹೊರಗೆ ನುಸುಳಿದ್ದು ಪ್ರಶ್ನೆಪತ್ರಿಕೆ ಮಾತ್ರ. ಹಜಾರಿಬಾಗ್, ಪಟ್ನಾಗಳಲ್ಲಿ ಅದು ಸೋರಿದ್ದರ ಬಗ್ಗೆ ವಿವಾದವೇ ಇಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿತು.

ನಿಮ್ಮ ಚುರುಕನ್ನೂ ಹೊಗಳಬೇಕು. ಜೂನ್ 14ಕ್ಕೆ ಎಂದಿದ್ದ ಫಲಿತಾಂಶವನ್ನು ಜೂನ್ 4ಕ್ಕೇ ಕೊಟ್ಟಿರಿ. ಅವತ್ತು ಲೋಕಸಭೆಯ ಮತ ಎಣಿಕೆ. ದೇಶದ ಗಮನ ಬೇರೆ ಕಡೆ ಇದ್ದದ್ದು ಕಾಕತಾಳೀಯ ಎಂದೇ ನಂಬಿದ್ದೇನೆ.

ನನ್ನನ್ನು ಕಂಗಾಲು ಮಾಡಿದ್ದು ನಿಮ್ಮ ಲೆಕ್ಕ. ಸರಿಯುತ್ತರಕ್ಕೆ 4, ತಪ್ಪಿಗೆ 1 ಕಡಿತ, ಒಟ್ಟು 720. ಒಂದು ಪ್ರಶ್ನೆ ಬಿಟ್ಟರೆ 716, ಒಂದು ತಪ್ಪಾದರೆ 715. ನೀವು 718, 719ನ್ನೂ ಕೊಟ್ಟಿರಿ. ಕೇಳಿದ್ದಕ್ಕೆ, ಸಮಯ ನಷ್ಟವಾದ 1,563 ಮಂದಿಗೆ ಕೊಟ್ಟ ಗ್ರೇಸ್ ಅಂಕ ಎಂದಿರಿ. ಕಂಪ್ಯೂಟರಿನಲ್ಲಿ ನಡೆದ 2018ರ ಕಾನೂನು ಪ್ರವೇಶ ಪರೀಕ್ಷೆ ಕ್ಲಾಟ್‌ಗೆ ಹೊಲಿದ ಗ್ರೇಸ್ ಸೂತ್ರದ ಅಂಗಿಯನ್ನು, ಪೆನ್ನು ಹಿಡಿದು ಗುಂಡಿ ತುಂಬುವ ನೀಟ್‌ಗೆ ತೊಡಿಸಿದಿರಿ. ಕೋರ್ಟು ಕಣ್ಣು ಬಿಟ್ಟೊಡನೆ ಅಂಗಿ ಕಳಚಿದಿರಿ. ಆ 1,563ರಲ್ಲಿ ಮರುಪರೀಕ್ಷೆಗೆ ಬಂದವರು 813 ಮಂದಿ.

ಭೌತಶಾಸ್ತ್ರದ ಒಂದು ಪ್ರಶ್ನೆಯ ಕತೆ ಇನ್ನೂ ಸೊಗಸು. ಎಲ್ಲ ಧಾತುಗಳ ಪರಮಾಣುಗಳೂ ಸ್ಥಿರವೇ? ಹಳೆಯ ಎನ್‌ಸಿಇಆರ್‌ಟಿ ಪುಸ್ತಕ ಓದಿದವರದ್ದೂ ಸರಿ, ಹೊಸದು ಓದಿದವರದ್ದೂ ಸರಿ ಎಂದಿರಿ. ಕೊನೆಗೆ ದಿಲ್ಲಿ ಐಐಟಿಯ ಮೂವರು ತಜ್ಞರು ಕೂತು, ಉತ್ತರ ಒಂದೇ ಎಂದು ನಿಮಗೆ ಹೇಳಿಕೊಟ್ಟರು. ಗ್ರೇಸ್ ಅಂಕವೂ ಹೋಗಿ, 67 ಮಂದಿಯಿದ್ದ ಪೂರ್ಣಾಂಕದ ಸಾಲು 17ಕ್ಕೆ ಇಳಿಯಿತು.

ನೀಟೇ ಬೇಡವೆಂದು ಕರ್ನಾಟಕ ವಿಧಾನಮಂಡಲ 2024ರ ಜುಲೈನಲ್ಲಿ ನಿರ್ಣಯ ಮಾಡಿತು. ನಾನು ಅಷ್ಟು ದೂರ ಹೋಗಲಾರೆ. (ಅದೇ ವರ್ಷ ನಮ್ಮ ಸಿಇಟಿಯಲ್ಲಿ ಪಠ್ಯದಲ್ಲೇ ಇಲ್ಲದ ಪ್ರಶ್ನೆಗಳು ಬಂದದ್ದನ್ನು ಮರೆಯುವ ಹಾಗಿಲ್ಲ.) ಪರೀಕ್ಷೆ ಇರಲಿ. ಹಳ್ಳಿಯ ಮಗುವಿಗೂ ಶಿಫಾರಸಿಲ್ಲದೆ ಸೀಟು ಸಿಗುವುದಿದ್ದರೆ ಅದು ಇಂಥದ್ದರಿಂದಲೇ. ಅದಕ್ಕೇ ನಿಮ್ಮ ಮೇಲೆ ಇಷ್ಟು ಸಿಟ್ಟು.

ಒಂದು ಗುಂಡಿ ತಪ್ಪಿ ತುಂಬಿದರೆ ನನ್ನ ಮಗಳಿಗೆ ಬರಬೇಕಿದ್ದ 4 ಹೋಗುತ್ತದೆ, ಇದ್ದದ್ದರಲ್ಲಿ 1 ಹೋಗುತ್ತದೆ. ನೀವು ತಪ್ಪಿದರೆ ನಿಮಗೆಷ್ಟು ಕಡಿತ? ಮುಂದಿನ ಮಾಹಿತಿ ಪುಸ್ತಿಕೆಯಲ್ಲಿ ದಯವಿಟ್ಟು ಅದನ್ನೂ ಅಚ್ಚು ಹಾಕಿಸಿ.

ಇತಿ,
ಲಾಂಗ್ ಟರ್ಮ್ ಬ್ಯಾಚಿಗೆ ಫೀಸು ಕಟ್ಟುತ್ತಿರುವ ಒಬ್ಬ ತಂದೆ