ಬೆಲೆ ಬಲ್ಲವರು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅರ್ಧ ಆಯುಷ್ಯವನ್ನು ಕಳೆದ ಮನುಷ್ಯನಿಗೆ ಲೋಕದಲ್ಲಿ ಕಾಣಬರುವ ಸಕಲ ಪದಾರ್ಥಗಳೂ ಎರಡೇ ವರ್ಗಕ್ಕೆ ಸೇರಿದವುಗಳಾಗಿ ತೋರುತ್ತವೆ: ಬೆಲೆ ಗೊತ್ತಾದವು ಒಂದು, ಬೆಲೆ ಇನ್ನೂ ಗೊತ್ತಾಗದವು ಇನ್ನೊಂದು. ನಾನು ಈಗ ಬಣ್ಣಿಸಹೊರಟಿರುವ ಯಜಮಾನರು ಈ ತತ್ತ್ವದ ಪರಮಾಚಾರ್ಯರು. ವೃತ್ತಿಯಿಂದ ಅವರು ರೀಲರು. ಎಂದರೆ, ರೈತರು ತಂದು ಸುರಿದ ಗೂಡನ್ನು ಹರಾಜಿನಲ್ಲಿ ಕೊಂಡು, ಬಿಸಿನೀರಿನಲ್ಲಿ ಬೇಯಿಸಿ, ನೂಲು ಬಿಚ್ಚಿಸುವವರು. ರಾಶಿಯೊಳಕ್ಕೆ ಮೊಣಕೈವರೆಗೆ ಕೈಯನ್ನಿಳಿಸಿ, ತಳದಿಂದ ಒಂದು ಹಿಡಿ ಗೂಡನ್ನು ಮೇಲೆತ್ತಿ, ಅದರಲ್ಲೊಂದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಅದುಮಿ ನೋಡಿ, ಮತ್ತೊಂದನ್ನು ಕಿವಿಯ ಬಳಿ ಅಲುಗಿಸಿ ಒಳಗಿನ ಹುಳುವಿನ ಸಮಾಚಾರವನ್ನು ಕೇಳಿ, ಮುಖದ ಮೇಲೆ ಘೋರವಾದ ನಿರಾಶೆಯನ್ನು ತಂದುಕೊಳ್ಳುವ ಅವರ ಕಲೆಯನ್ನು ಕಂಡವರಿಗೆ, ಆ ಗೂಡನ್ನು ಬೆಳೆದ ರೈತನು ಏನೋ ಮಹಾಪರಾಧವನ್ನು ಮಾಡಿರಬೇಕೆಂದೇ ಅನ್ನಿಸುವುದು. ಈಗ ಹರಾಜು ಮೊಬೈಲಿಗೆ ಬಂದು, ಬೆರಳ ತುದಿಯಲ್ಲಿ ಕೂಗಾಟವಿಲ್ಲದೆ ಮುಗಿಯುತ್ತದೆಯಾದರೂ, ಆ ನಿರಾಶೆಯ ಮುಖಮುದ್ರೆಯನ್ನು ಯಾವ ಯಂತ್ರವೂ ಅವರಿಂದ ಕಿತ್ತುಕೊಂಡಿಲ್ಲ.

ಮಾರುಕಟ್ಟೆಯ ಈ ಅಭ್ಯಾಸವು ಮಾರುಕಟ್ಟೆಯಲ್ಲಿಯೇ ಉಳಿದಿದ್ದರೆ ಈ ಚಿತ್ರಕ್ಕೆ ಅವಕಾಶವಿರುತ್ತಿರಲಿಲ್ಲ. ಮದುವೆಯ ಮನೆಯಲ್ಲಿ ಅಕ್ಷತೆ ಹಾಕುವ ಮುನ್ನ ವಧುವಿನ ಸೀರೆಯ ಸೆರಗನ್ನು ದೂರದಿಂದಲೇ ತೂಗುವರು. ಗೃಹಪ್ರವೇಶದಲ್ಲಿ ಸತ್ಯನಾರಾಯಣನ ಕಥೆ ನಡೆಯುತ್ತಿರುವಾಗ ಬಾಗಿಲ ಚೌಕಟ್ಟನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, “ತೇಗ ಅಂದವ್ರೆ, ತೇಗ ಅಲ್ಲ” ಎಂದು ಪಕ್ಕದವರ ಕಿವಿಯಲ್ಲಿ ಉಸುರುವರು. 2025ರಲ್ಲಿ ನಮ್ಮ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣವೆಂದು ಬದಲಾದಾಗ, ಊರಿನ ವಿದ್ವಾಂಸರು ಇತಿಹಾಸವನ್ನೂ ಅಭಿಮಾನವನ್ನೂ ಕುರಿತು ವಾದಿಸುತ್ತಿರಲು, ಯಜಮಾನರು ಕೇಳಿದ ಪ್ರಶ್ನೆ ಒಂದೇ: “ಮೂವತ್ತು-ನಲವತ್ತರ ಸೈಟಿಗೆ ಎಷ್ಟು ಏರ್ತು?” ವಾದಿಸುತ್ತಿದ್ದವರಲ್ಲಿ ಅರ್ಧ ಮಂದಿ ಆ ಕ್ಷಣವೇ ಇತಿಹಾಸವನ್ನು ಬಿಟ್ಟು ಅವರ ಕಡೆಗೆ ತಿರುಗಿದರೆಂಬುದನ್ನೂ ಇಲ್ಲಿ ಹೇಳದಿರಲಾಗದು. ಆದರೆ ತಾವು ಕೊಂಡದ್ದರ ಬೆಲೆಯನ್ನು ಮಾತ್ರ ಅವರು ತಮ್ಮ ಧರ್ಮಪತ್ನಿಗೂ ಹೇಳಿದವರಲ್ಲ.

ಇಂತಹ ಮಹನೀಯರನ್ನು ಮುಂದಿಟ್ಟುಕೊಂಡು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಂದ ಕೂಡಿದ ನಮ್ಮ ತಂಡ ಒಂದು ಬಸ್ಸು ಮಾಡಿಕೊಂಡು ಕಡಲ ದರ್ಶನಕ್ಕೆ ಹೊರಟಿತು. ನಮ್ಮ ಕಡೆಯವರಿಗೆ ಪಶ್ಚಿಮ ಸಮುದ್ರದೊಡನೆ ನೀರಿನ ನಂಟೂ ಇಲ್ಲ. ರಾಮನಗರದ ಅರ್ಕಾವತಿ ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಸೇರಿ ಮೂಡಣ ಕಡಲಿಗೆ ಹೋಗುವವಳು. ನಾವು ಕಂಡ ಜಲಯಾನವೆಂದರೆ ಮೇಕೆದಾಟಿಗೆ ಹೋಗುವಾಗ ಸಂಗಮದಲ್ಲಿ ಹತ್ತುವ ಹರಿಗೋಲು. ಮುರುಡೇಶ್ವರದಲ್ಲಿ 123 ಅಡಿಯ ಶಿವನ ಮುಂದೆ ಉಳಿದವರೆಲ್ಲ ಕೈಮುಗಿದು ನಿಂತಿರಲು, ಯಜಮಾನರೂ ಕೈಮುಗಿದರು, ತುಟಿಗಳು ಅಲುಗುತ್ತಿದ್ದವು. ಪಂಚಾಕ್ಷರಿಯೆಂದು ಭಾವಿಸಿ ಹತ್ತಿರ ಸರಿದರೆ, ಸಿಮೆಂಟಿನ ಮೂಟೆಗಳ ಲೆಕ್ಕ.

ಕಾರವಾರದಲ್ಲಿ, ಹರೆಯದಲ್ಲಿ ಅಲ್ಲಿಗೆ ಬಂದಿದ್ದ ರವೀಂದ್ರನಾಥ ಟಾಗೋರರ ಹೆಸರನ್ನು ಹೊತ್ತ ಕಡಲತೀರದಲ್ಲಿ, ಐಎನ್‌ಎಸ್ ಚಾಪೆಲ್ ಎಂಬ ಯುದ್ಧನೌಕೆಯನ್ನು ನೆಲಕ್ಕೇರಿಸಿ ನಿಲ್ಲಿಸಿದ್ದಾರೆ. ಸೋವಿಯತ್ ದೇಶದಲ್ಲಿ ಕಟ್ಟಿದ ಈ ಕ್ಷಿಪಣಿ ದೋಣಿ 1976ರಲ್ಲಿ ನಮ್ಮ ನೌಕಾಪಡೆಯನ್ನು ಸೇರಿ, 2005ರಲ್ಲಿ ನಿವೃತ್ತಿ ಹೊಂದಿ, ಮರುವರ್ಷ ವಸ್ತುಸಂಗ್ರಹಾಲಯವಾಯಿತು. ಟಿಕೆಟ್ಟಿನ ಕಿಟಕಿಯ ಬಳಿ ಯಜಮಾನರು ತಲೆ ಬಗ್ಗಿಸಿ, “ಒಂದೊಂದಾಗಿ ಬ್ಯಾಡ ಸ್ವಾಮಿ, ಬಸ್ಸು ತುಂಬ ಜನ ಅವ್ರೆ, ಲಾಟ್ ಮೇಲೆ ಒಂದು ರೇಟ್ ಏಳಿ” ಎಂದರು. ಒಳಗಿದ್ದವರು ಈ ಪ್ರಸ್ತಾಪವನ್ನು ಜೀವಮಾನದಲ್ಲಿ ಮೊದಲ ಸಲ ಕೇಳಿದವರಂತೆ ಕಂಡರು.

ನೌಕೆಯನ್ನು ತೋರಿಸುತ್ತಿದ್ದವರು ಕಡಲ ಬಿಸಿಲಿನಲ್ಲಿ ಪಕ್ವವಾದ, ತಾಳ್ಮೆಯುಳ್ಳ ಮನುಷ್ಯ. ನಾಲ್ಕು ಕ್ಷಿಪಣಿಗಳ ಕೋಶಗಳನ್ನೂ, ಮುಂದೊಂದು ಹಿಂದೊಂದು ನಿಂತ ಅವಳಿ ಫಿರಂಗಿಗಳನ್ನೂ, ಮೂರು ಡೀಸೆಲ್ ಎಂಜಿನ್ನುಗಳ ಪರಾಕ್ರಮವನ್ನೂ ವಿವರಿಸುತ್ತ ಬಂದು, ಮಾತಿನ ನಡುವೆ ಅವರು ಪೂರ್ಣಭಾರ 245 ಟನ್ನೆಂದು ನುಡಿದದ್ದೇ ತಡ, ಯಜಮಾನರ ಕಣ್ಣುಗಳಲ್ಲಿ ಬೆಳಕು ಮೂಡಿತು.

“ಗುಜರಿ ಕಬ್ಬಿಣ ಕೆಜಿಗೆ ಮೂವತ್ತು ಅಂತ ಇಟ್ಕೊಂಡ್ರೂ ಎಪ್ಪತ್ತಮೂರೂವರೆ ಲಕ್ಷ ಆಯ್ತಲ್ಲ ಸ್ವಾಮಿ!”

“ಯಜಮಾನ್ರೇ, ಅದು ಎಣ್ಣೆ, ನೀರು, ಮದ್ದುಗುಂಡು, ಸಿಬ್ಬಂದಿ ಎಲ್ಲಾ ಸೇರಿಸಿದ ಭಾರ.”

“ಅಂಗಾದ್ರೆ ಚೀಲದ ತೂಕ ಕಳೀಬೇಕು.”

“ಮೇಲಿನ ಕಟ್ಟಡ ಕಬ್ಬಿಣವೂ ಅಲ್ಲ, ಅಲ್ಯೂಮಿನಿಯಂ ಮಿಶ್ರಲೋಹ.”

“ಬೆರಕೆ ಮಾಲು,” ಎಂದು ಯಜಮಾನರು ದೇಶದ ರಕ್ಷಣಾವ್ಯವಸ್ಥೆಯ ಬಗ್ಗೆಯೇ ಸಂಶಯಗೊಂಡವರಂತೆ ತಲೆಯಾಡಿಸಿದರು. ಮುಖದ ಮೇಲೆ ಅದೇ ಹಳೆಯ ನಿರಾಶೆ.

ಇಷ್ಟರಲ್ಲಿ ಮಾಗಡಿಯ ನಿವೃತ್ತ ಮೇಷ್ಟರು, ಕೆಂಪೇಗೌಡರ ವಂಶಾವಳಿಯಿಂದ ಆರಂಭಿಸದೆ ಯಾವ ಯುದ್ಧವನ್ನೂ ವಿವರಿಸಲಾರದವರು, ಆ ದಿನ ಮಾತ್ರ ದಯವಿಟ್ಟು ನೇರವಾಗಿ ವಿಷಯಕ್ಕೆ ಬಂದು, ಕರಾಚಿಯನ್ನು ಸುಟ್ಟದ್ದು ಇದೇ ನೌಕೆಯೆಂದು ಹುಡುಗರಿಗೆ ಬೋಧಿಸತೊಡಗಿದರು. ಮಾರ್ಗದರ್ಶಕರು ವಿನಯದಿಂದ ತಿದ್ದಿದರು: 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆರಗಿದವು ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು, ನೌಕಾದಿನವನ್ನು ಆಚರಿಸುವುದು ಆ ತಾರೀಖಿಗೇ, ಚಾಪೆಲ್ ಅದೇ ಬಳಗದ ಕಿರಿಯ ಸೋದರ, ಐದು ವರ್ಷ ತಡವಾಗಿ ಬಂದದ್ದು. ಆ ಹಿರಿಯ ದೋಣಿಗಳಾದರೋ, ರಷ್ಯದಿಂದ ಬಂದಾಗ ಅಷ್ಟು ಭಾರವನ್ನೆತ್ತುವ ಕ್ರೇನು ಮುಂಬಯಿಯಲ್ಲಿ ಇಲ್ಲದ್ದರಿಂದ ಕಲ್ಕತ್ತದಲ್ಲಿ ಇಳಿದು, ಹಗ್ಗ ಕಟ್ಟಿಸಿಕೊಂಡು ಮುಂಬಯಿಗೆ ಎಳೆಸಿಕೊಂಡು ಬಂದವಂತೆ.

“ಎಳೆದ ಬಾಡಿಗೆ ಯಾರು ಕೊಟ್ರು?” ಎಂದರು ಯಜಮಾನರು.

ಮೇಷ್ಟರ ಮುಖ ಬಾಡಿತು. ಹುಡುಗರು ನೌಕೆಯನ್ನು ಕೊಂಚ ತಾತ್ಸಾರದಿಂದ ನೋಡಿದರು. ಯಜಮಾನರೊಬ್ಬರೇ ಉತ್ಸಾಹಗೊಂಡು, ಒಡಲನ್ನು ಅಂಗೈಯಿಂದ ತಟ್ಟಿ, “ಆ ಯುದ್ಧಕ್ಕೆ ಓಗಿಲ್ಲ ಅಂದ್ಮೇಲೆ ಕಡಿಮೆ ಸವೆದ ಮಾಲು ಕಣ್ರಪ್ಪ, ಇದಕ್ಕೇ ರೇಟು ಜಾಸ್ತಿ!” ಎಂದು ತೀರ್ಪಿತ್ತರು. ಇಷ್ಟು ವರ್ಷಗಳ ಸೇವೆಯನ್ನು ಸಲ್ಲಿಸಿದ ನೌಕೆಗೆ ಇಂಥ ಪ್ರಶಂಸಾಪತ್ರವನ್ನು ಬೇರಾರೂ ಕೊಟ್ಟಿರಲಾರರು.

ಒಳಗೆ, ತಲೆ ಬಗ್ಗಿಸಿ ಸಾಗಬೇಕಾದ ಇಕ್ಕಟ್ಟಿನಲ್ಲಿ, ಸಿಬ್ಬಂದಿಯ ಉಡುಪು ತೊಟ್ಟ ಬೊಂಬೆಗಳನ್ನು ಅವರವರ ಸ್ಥಾನದಲ್ಲಿ ನಿಲ್ಲಿಸಿದ್ದಾರೆ. ಚನ್ನಪಟ್ಟಣದ ಬೊಂಬೆಗಾರರು ಮೂಗಿನ ತಿದ್ದುವಿಕೆ ಸಾಲದೆಂದು ಆಕ್ಷೇಪವೆತ್ತಿದರೆ, ಯಜಮಾನರು ಅಧಿಕಾರಿಯ ತೋಳಿನ ಬಟ್ಟೆಯನ್ನು ಎರಡು ಬೆರಳುಗಳ ನಡುವೆ ಹೊಸೆದು, “ಟೆರಿಕಾಟು. ರೇಷ್ಮೆ ಒಂದೆಳೆ ಇಲ್ಲ” ಎಂದು ಮುಂದೆ ಸರಿದರು. ಒಂದರ ಮೇಲೊಂದಾಗಿ ಗೋಡೆಗೆ ಬಿಗಿದ ಮಲಗುವ ಹಲಗೆಗಳ ಮುಂದೆ ಮಾತ್ರ ಬಹಳ ಹೊತ್ತು ನಿಂತರು. ಅಂತಸ್ತು ಅಂತಸ್ತಾಗಿ ಹುಳು ಮೇಯಿಸುವ ಮನೆಯನ್ನು ಕಂಡವರಿಗೆ ಅದು ಹೊಸ ದೃಶ್ಯವಲ್ಲ. “ಗಾಳಿ ಸಾಲ್ದು. ಈ ಮನೇಲಿ ನಾಲ್ಕನೇ ಜ್ವರಕ್ಕೇ ಹುಳ ಕೈಕೊಡ್ತವೆ” ಎಂದರು; ಜ್ವರವೆಂದರೆ ರೇಷ್ಮೆಹುಳು ಪೊರೆ ಕಳಚುವ ಹಂತ. ಮೂವತ್ತರಷ್ಟು ಜನ ನಾವಿಕರು ಅದರೊಳಗೇ ಬಾಳಿದರೆಂದು ಕೇಳಿ, “ಅವ್ರಿಗೆ ಏನು ಕೊಟ್ರೂ ಕಮ್ಮಿ ಸ್ವಾಮಿ” ಎಂದದ್ದು ಆ ಪ್ರವಾಸದಲ್ಲಿ ಅವರು ಅಂಕಿಯನ್ನು ಹೇಳದೆ ಕಟ್ಟಿದ ಏಕೈಕ ಬೆಲೆ. ಪಕ್ಕದಲ್ಲಿ ಈಚೆಗೆ ತಂದಿರಿಸಿರುವ ಟುಪೊಲೆವ್ ವಿಮಾನದ ಬಳಿಗೆ ಬರುವಷ್ಟರಲ್ಲಿ ಅವರು ಪೂರ್ವಸ್ಥಿತಿಗೆ ಮರಳಿ, ರೆಕ್ಕೆಯ ಉದ್ದವನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದರು.

ಬೀಳ್ಕೊಡುವಾಗ ಮಾರ್ಗದರ್ಶಕರು, ಇಷ್ಟು ಹೊತ್ತು ಉತ್ತರ ಹೇಳಿ ದಣಿದವರು, ತಾವೂ ಒಂದು ಪ್ರಶ್ನೆ ಕೇಳುವ ಹಕ್ಕು ಗಳಿಸಿದ್ದಾಗಿ ಭಾವಿಸಿಯೋ ಏನೋ, ನಗುತ್ತ ಕೇಳಿದರು: “ಅಲ್ಲ ಯಜಮಾನ್ರೇ, ನಿಮ್ಮ ರೇಷ್ಮೆ ಗೂಡು ಈಗ ಕೆಜಿಗೆ ಎಷ್ಟಕ್ಕೆ ತಗೊಳ್ತೀರಿ?”

ನಮ್ಮ ತಂಡದಲ್ಲಿ ಕನಕಪುರದ ಕಡೆಯಿಂದ ಬಂದ ಇಬ್ಬರು ಗೂಡು ಬೆಳೆಯುವ ರೈತರಿದ್ದರು. ಫಿರಂಗಿಯ ಮುಂದೆಯಾಗಲಿ ಕ್ಷಿಪಣಿಯ ಮುಂದೆಯಾಗಲಿ ಅಷ್ಟೇನೂ ಆಸಕ್ತಿ ತೋರದೆ ಹಿಂದೆ ಹಿಂದೆಯೇ ಬರುತ್ತಿದ್ದ ಅವರು, ಈಗ ಎರಡು ಹೆಜ್ಜೆ ಮುಂದೆ ಬಂದು, ಒಬ್ಬರು ಕಿವಿಗೆ ಸುತ್ತಿದ್ದ ಟವಲನ್ನೂ ಬಿಚ್ಚಿ, ನಿಂತರು.

ಯಜಮಾನರು ಆಕಾಶವನ್ನು ನೋಡಿದರು. ಸಮುದ್ರವನ್ನು ನೋಡಿದರು.

“ಅದು ಮಾರ್ಕೆಟ್ ಮೇಲೆ ಓಯ್ತದೆ ಸ್ವಾಮಿ, ಇಷ್ಟೇ ಅಂತ ಏಳಕ್ಕಾಗಲ್ಲ” ಎಂದು, “ಏ, ಬಸ್ಸು ಒಂಟೋಯ್ತದೆ, ನಡೀರ್ರಪ್ಪ!” ಎಂದು ಎಲ್ಲರನ್ನೂ ಗದರಿಸುತ್ತ ಮುಂದೆ ನಡೆದರು. ಬಸ್ಸಿನ ಡ್ರೈವರು ಇನ್ನೂ ಊಟವನ್ನೇ ಮುಗಿಸಿರಲಿಲ್ಲ.