ಅಪ್‌ಡೇಟ್ ಮಹಾಶಯರಿಗೆ ಮೈಸೂರು ಪೇಟ

ವೇದಿಕೆಯ ಮೇಲಿರುವ ಗಣ್ಯರೇ, ಶಿವಾಜಿನಗರದ ಜೆರಾಕ್ಸ್ ಅಂಗಡಿಗಳಿಂದ, ಹಲಸೂರಿನ ಡಿಟಿಪಿ ಕೋಣೆಗಳಿಂದ, ಕೆ.ಆರ್. ಪುರದ ಆರ್‌ಟಿಒ ಆಸುಪಾಸಿನ ಸೈಬರ್ ಸೆಂಟರ್‌ಗಳಿಂದ ಶಟರ್ ಅರ್ಧ ಇಳಿಸಿ ಬಂದಿರುವ ಆಪರೇಟರ್ ಬಂಧುಗಳೇ, ಊಟ ಸಭೆ ಮುಗಿದ ಮೇಲೆಯೇ ಎಂದು ಗೊತ್ತಿದ್ದೂ ಮುಂದಿನ ಸಾಲಿನಲ್ಲಿ ಕೂತಿರುವ ಇಂದಿರಾನಗರದ ಸ್ಟಾರ್ಟಪ್ ಮಿತ್ರರೇ,

ಈ ಸಂಜೆಯ ಸನ್ಮಾನಿತರು ಶ್ರೀಮಾನ್ ಬ್ರೌಸರ್ ಅಪ್‌ಡೇಟ್ ಅವರು. ಅವರನ್ನು ಯಾರೂ ಆಹ್ವಾನಿಸಿಲ್ಲ. ಆಹ್ವಾನಕ್ಕೆ ಕಾಯುವ ಅಭ್ಯಾಸ ಅವರಿಗೂ ಇಲ್ಲ. ಸದ್ದಿಲ್ಲದೆ ಇಳಿಯುತ್ತಾರೆ, ಮರುದಿನ ಅಂಗಡಿ ತೆರೆದು ಊದಿನಕಡ್ಡಿ ಹಚ್ಚಿ ಕಂಪ್ಯೂಟರ್ ಮುಂದೆ ಕೂತರೆ ಇದ್ದದ್ದು ಇದ್ದಲ್ಲಿ ಇರುವುದಿಲ್ಲ. ಮೊದಲು ಕ್ರೋಮ್ ಮನೆತನದಲ್ಲಿ ಆರು ವಾರಕ್ಕೊಮ್ಮೆ ಹೊಸ ಆವೃತ್ತಿ ಹೊರಡುತ್ತಿತ್ತು. 2021ರ ಸೆಪ್ಟೆಂಬರಿನಿಂದ ಅದು ನಾಲ್ಕು ವಾರಕ್ಕಿಳಿಯಿತು. ನಮ್ಮ ರಸ್ತೆಗಳ ಗುಂಡಿಗೆ ಈ ಚುರುಕಿನ ಗುತ್ತಿಗೆದಾರರು ಸಿಕ್ಕಿದ್ದರೆ!

ಸನ್ಮಾನಿತರನ್ನು ಪರವೂರಿನವರೆಂದು ತಿಳಿಯಬಾರದು. ಇಂದಿರಾನಗರ ದಾಟಿ ಕೆ.ಆರ್. ಪುರದ ಕಡೆ ಹೋಗುವ ಹಳೇ ಮದ್ರಾಸ್ ರಸ್ತೆಯಲ್ಲಿ, ಬೆನ್ನಿಗಾನಹಳ್ಳಿಯ ಬಳಿಯ ಗಾಜಿನ ಕಟ್ಟಡಗಳಲ್ಲಿ ಗೂಗಲ್ ಬಹುಕಾಲ ಕಚೇರಿ ನಡೆಸಿದೆ. 2025ರ ಫೆಬ್ರುವರಿಯಲ್ಲಿ ಮಹದೇವಪುರದಲ್ಲಿ ‘ಅನಂತ’ ಎಂಬ ಭಾರೀ ಕ್ಯಾಂಪಸ್ಸನ್ನೂ ತೆರೆಯಿತು. ಅಪ್‌ಡೇಟಿನ ಒಡೆಯರೂ ಅದನ್ನು ಶಪಿಸುವವರೂ ಒಂದೇ ಟ್ರಾಫಿಕ್ಕಿನಲ್ಲಿ, ಟಿನ್ ಫ್ಯಾಕ್ಟರಿಯ ಬಳಿ, ಪಕ್ಕಪಕ್ಕದಲ್ಲೇ ನಿಂತಿರುತ್ತಾರೆ.

ಬೆಂಗಳೂರಿನದೇ ಒಂದು ಕುಡಿಯೂ ಈ ವಂಶದಲ್ಲುಂಟು. 2010ರಲ್ಲಿ ಇಲ್ಲಿನ ಹಿಡನ್ ರಿಫ್ಲೆಕ್ಸ್ ಕಂಪನಿ ಫೈರ್‌ಫಾಕ್ಸಿನ ತಳಪಾಯದ ಮೇಲೆ ‘ಎಪಿಕ್’ ಕಟ್ಟಿತು. ಭಾರತೀಯ ಭಾಷೆಗಳಲ್ಲಿ ಟೈಪ್ ಮಾಡುವ ಅನುಕೂಲ, ಒಳಗೇ ಆ್ಯಂಟಿವೈರಸ್, ಪಕ್ಕದಲ್ಲೊಂದು ಉದ್ದನೆಯ ಪಟ್ಟಿ, ದೇಶೀ ಚಿತ್ತಾರದ ಥೀಮ್‌ಗಳು; ಮದುವೆ ಮನೆಯ ಸಂಭ್ರಮವೆಲ್ಲ ಒಂದು ಕಿಟಕಿಯಲ್ಲಿ. 2013ರಲ್ಲಿ ಅದೇ ಎಪಿಕ್ ಕ್ರೋಮಿಯಂ ಮೇಲೆ ಮರುಜನ್ಮ ಪಡೆದು, ಆಭರಣವೆಲ್ಲ ಕಳಚಿಟ್ಟು, ‘ಖಾಸಗಿತನವೇ ನನ್ನ ವ್ರತ’ ಎಂದು ಸನ್ಯಾಸ ತೊಟ್ಟಿತು. ಪಕ್ಕದ ಪಟ್ಟಿಯಲ್ಲಿ ಕನ್ನಡ ಟೈಪಿಸುತ್ತಿದ್ದವರು ಹೊಸ ಗುರುಗಳ ಮುಂದೆ ಕೈಕಟ್ಟಿ ನಿಲ್ಲಬೇಕಾಯಿತು.

ಇನ್ನು ಸನ್ಮಾನಪತ್ರದ ಮುಖ್ಯ ಭಾಗ, ಅಂದರೆ ಸಾಧನೆ.

ಸೈಬರ್ ಸೆಂಟರಿನ ಕೌಂಟರನ್ನು ಸಭಿಕರು ಕಣ್ಣಮುಂದೆ ತಂದುಕೊಳ್ಳಬೇಕು. ಎಲ್‌ಎಲ್‌ಆರ್ ಅರ್ಜಿಯ ಪಿಡಿಎಫ್ ಗಿರಾಕಿಯ ಮೊಬೈಲಿನಿಂದ ವಾಟ್ಸ್‌ಆ್ಯಪ್ ವೆಬ್ಬಿಗೆ ಬರುತ್ತದೆ. ಇಳಿಸಿದ ಫೈಲು ಕ್ರೋಮಿನ ಕೆಳಗಿನ ಎಡಮೂಲೆಯ ಪಟ್ಟಿಯಲ್ಲಿ ಬಂದು ಕೂರುತ್ತಿತ್ತು. ಆಪರೇಟರ್ ಕಣ್ಣು ಬಾಗಿಲಲ್ಲಿ ನಿಂತ ಮುಂದಿನ ಗಿರಾಕಿಯ ಮೇಲೆ, ಬಾಯಲ್ಲಿ ‘ಕಲರ್ರಾ, ಬ್ಲ್ಯಾಕ್ ಆ್ಯಂಡ್ ವೈಟಾ?’, ಕೈ ಮಾತ್ರ ತಾನಾಗಿ ಎಡಮೂಲೆಗೆ. ಒಂದು ಕ್ಲಿಕ್, ಕಂಟ್ರೋಲ್-ಪಿ, ಎಂಟರ್. ಹಿಂದೆ ಬಂದವರ ಫೈಲುಗಳೂ ಅಲ್ಲೇ ಸಾಲಾಗಿ ನಿಂತಿರುತ್ತಿದ್ದರಿಂದ ‘ಅಣ್ಣಾ, ಇನ್ನೊಂದು ಕಾಪಿ’ ಎಂದರೆ ಹುಡುಕಾಟವೇ ಇರಲಿಲ್ಲ.

2023ರ ಆಗಸ್ಟಿನಲ್ಲಿ ಗೂಗಲ್ ಆ ಪಟ್ಟಿಗೆ ವಿದಾಯ ಘೋಷಿಸಿತು. ಫೈಲುಗಳು ಮೇಲಿನ ಬಲಮೂಲೆಗೆ, ಒಂದು ಪುಟ್ಟ ಬಾಣದ ಚಿತ್ರದೊಳಕ್ಕೆ ಸ್ಥಳಾಂತರಗೊಂಡವು. ಡೌನ್‌ಲೋಡ್ ಮುಗಿದಾಗ ಒಂದು ಚೌಕ ಇಣುಕಿ, ನೋಡುವಷ್ಟರಲ್ಲಿ ಮಾಯ. ಹಿಂದಿನ 24 ಗಂಟೆಗಳಲ್ಲಿ ಇಳಿಸಿದ್ದೆಲ್ಲ ಅಲ್ಲಿ ಒಟ್ಟಿಗೆ ಸಿಗುತ್ತದೆ, ಪುಟ ನೋಡಲು ಜಾಗವೂ ಹೆಚ್ಚಾಯಿತು ಎನ್ನುವುದು ನಿಜ. ಆ ಶ್ರೇಯಸ್ಸನ್ನು ಸನ್ಮಾನಿತರಿಂದ ಕಸಿಯುವಂತಿಲ್ಲ. ಆದರೆ ಕೈ ಎಡಮೂಲೆಗೇ ಹೋಗುತ್ತಿತ್ತು. ಅಲ್ಲಿ ಈಗ ವಿಂಡೋಸಿನ ಸ್ಟಾರ್ಟ್ ಬಟನ್ ಅಥವಾ ಹವಾಮಾನ ವರದಿ. ಪ್ರಿಂಟ್ ಕೇಳಿದವರಿಗೆ ಮೋಡ ಕವಿದ ವಾತಾವರಣ. ಜಾಣರು ಕ್ರೋಮಿನ ಪ್ರಾಯೋಗಿಕ ಸೆಟ್ಟಿಂಗ್ಸಿರುವ ಫ್ಲ್ಯಾಗ್ ಪುಟಕ್ಕೆ ಹೋಗಿ ಹಳೆಯ ಪಟ್ಟಿಯನ್ನು ವಾಪಸ್ ತಂದುಕೊಂಡರು. ಕೆಲವು ಆವೃತ್ತಿಗಳ ನಂತರ ಮಹಾಶಯರು ಆ ಹಿಂಬಾಗಿಲಿಗೂ ಇಟ್ಟಿಗೆ ಕಟ್ಟಿದರು.

ಒಳ್ಳೆಯದೂ ಆಗಿದೆ, ಹೇಳದಿದ್ದರೆ ಶಾಲಿಗೆ ಅವಮಾನ. 2016ರವರೆಗೆ ಕ್ರೋಮಿನಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದರೆ ಹಿಂದಿನ ಪುಟಕ್ಕೆ ಹಾರುತ್ತಿತ್ತು. ಅಕ್ಷರ ಅಳಿಸಲು ಹೋಗಿ, ಕರ್ಸರ್ ಖಾನೆಯ ಹೊರಗಿದ್ದರೆ, ತುಂಬಿದ ಅರ್ಜಿಯೇ ಅಳಿಸಿಹೋಗುವ ಅಪಾಯ. 52ನೇ ಆವೃತ್ತಿ ಆ ಕಾಟ ತಪ್ಪಿಸಿತು. ಬಳಕೆದಾರರು ಆಗಲೂ ಬೈದರು! ಹಳೆಯದೇ ಬೇಕೆಂದವರಿಗಾಗಿ ಗೂಗಲ್ ಒಂದು ಪ್ರತ್ಯೇಕ ಎಕ್ಸ್‌ಟೆನ್ಶನ್ ಕೊಡಬೇಕಾಯಿತು. ಆದ್ದರಿಂದ ಬೈಗುಳವೆಲ್ಲ ನ್ಯಾಯವಾದದ್ದೆಂದು ಈ ಸಭೆ ವಾದಿಸುವುದಿಲ್ಲ.

ಬೈಗುಳ ವ್ಯರ್ಥ ಎಂದೂ ಅಲ್ಲ. 2018ರ ಸೆಪ್ಟೆಂಬರಿನಲ್ಲಿ 69ನೇ ಆವೃತ್ತಿ ವಿಳಾಸಪಟ್ಟಿಯಿಂದ ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಮರೆಮಾಡಿತು. ಗಲಾಟೆ ಎದ್ದು, ಕೆಲವೇ ದಿನಗಳಲ್ಲಿ ಅದು ವಾಪಸ್ ಬಂತು. (ಮರುವರ್ಷ 76ನೇ ಆವೃತ್ತಿಯಲ್ಲಿ, ಜನ ಸುಸ್ತಾದ ಹೊತ್ತು ನೋಡಿ, ಮತ್ತೆ ಮರೆಯಾಯಿತು.) 2021ರಲ್ಲಿ ಆ್ಯಪಲ್ ಐಫೋನಿನ ಸಫಾರಿಯ ವಿಳಾಸಪಟ್ಟಿಯನ್ನು ಮೇಲಿಂದ ಕೆಳಗಿಳಿಸಿತು. ಪರೀಕ್ಷಾ ಆವೃತ್ತಿ ಬಳಸಿದವರು ಬೆನ್ನು ಹತ್ತಿದ್ದರಿಂದ, ಬೇಕಾದವರು ಮೇಲೇ ಇಟ್ಟುಕೊಳ್ಳಲಿ ಎಂಬ ಆಯ್ಕೆಯನ್ನು ಸೆಟ್ಟಿಂಗ್ಸಿನಲ್ಲಿ ಕೊಟ್ಟಿತು. ಅದೇ ವರ್ಷ ಜೂನ್ 1ರಂದು ಬಂದ ಫೈರ್‌ಫಾಕ್ಸ್ 89ರಲ್ಲಿ ಟ್ಯಾಬುಗಳು ದಪ್ಪಗಾದವು. ತೆಳುವಾಗಿರುವ ಕಾಂಪ್ಯಾಕ್ಟ್ ಮೋಡನ್ನು ತೆಗೆದೇ ಬಿಡುವ ಆಲೋಚನೆ ಫೈರ್‌ಫಾಕ್ಸಿನ ಒಡೆಯ ಮೊಝಿಲ್ಲಾದ್ದಾಗಿತ್ತು. ಆಕ್ಷೇಪ ಬಂದ ಮೇಲೆ ಅದು ಮೂಲೆಯಲ್ಲಾದರೂ ಉಳಿಯಿತು. ಹದಿನಾಲ್ಕು ಇಂಚಿನ ಹಳೆ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರಿಗೆ ಆ ಮೂಲೆ ದೊಡ್ಡದು.

ಗಮನಿಸಬೇಕಾದ್ದು ಇಷ್ಟು: ಗೆದ್ದ ಆ ಬೈಗುಳಗಳೆಲ್ಲ ಬರವಣಿಗೆಯಲ್ಲಿದ್ದವು. ಶಿವಾಜಿನಗರದ ಬೈಗುಳ ಮೌಖಿಕ ಪರಂಪರೆಗೆ ಸೇರಿದ್ದು. ಕನ್ನಡದಲ್ಲಿ ಶುರುವಾಗಿ, ತಮಿಳಿನಲ್ಲಿ ಏರಿ, ದಖ್ಖನಿಯಲ್ಲಿ ಮುಗಿಯುವ ಆ ಮಹಾಕಾವ್ಯ ಮಾನಿಟರಿಗೆ ತಗುಲಿ ಅಲ್ಲೇ ಬೀಳುತ್ತದೆ. ಕಂಪನಿ ಎಣಿಸುವುದು ಕ್ಲಿಕ್ಕುಗಳನ್ನು. ಎರಡು ವಾರದಲ್ಲಿ ಆಪರೇಟರ್ ಕೈ ಬಲಮೂಲೆಗೆ ಹೊಂದಿಕೊಳ್ಳುತ್ತದೆ, ಏಕೆಂದರೆ ಹೊಟ್ಟೆಪಾಡು. ಕ್ಲಿಕ್ ಎಣಿಸಿದವರ ಕಣ್ಣಿಗೆ ಅದು ಒಪ್ಪಿಗೆಯಂತೆ ಕಾಣುತ್ತದೆ. ಸೋತು ಒಪ್ಪಿದವನಿಗೂ ಮೆಚ್ಚಿ ಒಪ್ಪಿದವನಿಗೂ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಈ ಸನ್ಮಾನ ಸಮಾರಂಭಕ್ಕೆ ಜನ ಸೇರಿದ್ದನ್ನೇ ಜನಪ್ರಿಯತೆ ಎನ್ನುವ ಹಾಗೆ.

ಆದ್ದರಿಂದ ಪೇಟ ತೊಡಿಸುವ ಮುನ್ನ ಆಪರೇಟರ್ ಬಂಧುಗಳಲ್ಲಿ ಒಂದು ವಿನಂತಿ. ಕ್ರೋಮ್ ತೆರೆದಿರುವಾಗ ಆಲ್ಟ್, ಶಿಫ್ಟ್ ಮತ್ತು ಐ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ದೂರು ಬರೆಯುವ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಮೂರು ಚುಕ್ಕಿಯ ಮೆನುವಿನ ಸಹಾಯ ವಿಭಾಗದಲ್ಲೂ ಅದೇ ಇದೆ. ಏನು ಎಲ್ಲಿತ್ತು, ಎಲ್ಲಿಗೆ ಹೋಯಿತು, ಒಂದು ಪ್ರಿಂಟಿಗೆ ಎಷ್ಟು ಕ್ಲಿಕ್ ಹೆಚ್ಚಾಯಿತು ಎಂದು ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಕಳಿಸುವ ಮುನ್ನ ಸ್ಕ್ರೀನ್‌ಶಾಟಿನಲ್ಲಿ ಗಿರಾಕಿಯ ಆಧಾರ್ ಕಾಣುತ್ತಿಲ್ಲವೆಂದು ನೋಡಿಕೊಳ್ಳಿ.